8 ತಿಂಗಳ ಮಗು ಜೊತೆ ವಿಶ್ವಕಪ್ ನೋಡಲು ಹೊರಟಿದ್ದೇವೆ: ಕಾಯಿಲೆ ವಿಷಯದಲ್ಲಿ ಏನೇನು ನೋಡಿಕೊಳ್ಳಬೇಕು?

ಹೇಮಾವತಿ ದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿ ಟೊರಾಂಟೊದಲ್ಲಿದ್ದಾರೆ. 2026ರ ಜೂನ್‌ನಲ್ಲಿ ಅಲ್ಲಿ ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳಿವೆ. ನನಗೂ ನಮ್ಮ ಮನೆಯವರಿಗೂ ಟಿಕೆಟ್ ತೆಗೆದಿಟ್ಟಿದ್ದಾರೆ. ಹೊರಡುವ ಹೊತ್ತಿಗೆ ಮಗುವಿಗೆ 8 ತಿಂಗಳು ತುಂಬಿರುತ್ತದೆ.

ಅತ್ತೆಯವರಿಗೆ ನಿದ್ದೆ ಬರುತ್ತಿಲ್ಲ. "ಅಷ್ಟೊಂದು ಜನದ ಮಧ್ಯೆ ಕೂಸನ್ನ ಎತ್ಕೊಂಡು ಹೋಗ್ತೀರಾ" ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಮಾವನವರು, "ಅದು ಫಾರಿನ್ನು, ಕಾಯಿಲೆ ಇರೋದೆಲ್ಲ ನಮ್ಮಲ್ಲಿ, ಅಲ್ಲೇನಿರುತ್ತೆ" ಅನ್ನುತ್ತಾರೆ. ಯಾರ ಮಾತು ಸರಿ ಅಂತ ನನಗೆ ಗೊತ್ತಾಗುತ್ತಿಲ್ಲ. ಇಂಥ ದೊಡ್ಡ ಕ್ರೀಡಾಕೂಟಗಳಲ್ಲಿ ನಿಜವಾಗಿ ಕಾಯಿಲೆ ಹರಡುತ್ತದಾ? ಏನು ಮುನ್ನೆಚ್ಚರಿಕೆ ಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ಆರೋಗ್ಯ ಸಹಾಯಕ, ಹಾಸನ

ನಿಮ್ಮ ಅತ್ತೆಯವರ ಮಾತಲ್ಲಿ ಹುರುಳಿದೆ ತಾಯಿ. ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮಗುವಿನ ವಿಷಯದಲ್ಲಿ ನೀವು ಮೊದಲು ಯೋಚಿಸಬೇಕಾದ್ದು ದಡಾರ.

"ಫಾರಿನ್‌ನಲ್ಲಿ ದಡಾರ ಎಲ್ಲಿದೆ" ಅಂತ ಮಾವನವರು ಕೇಳಬಹುದು. ಕೆನಡಾ 1998ರಲ್ಲೇ ದಡಾರವನ್ನು ಊರಿಂದ ಓಡಿಸಿದ ದೇಶ. 2025ರಲ್ಲಿ ಅಲ್ಲಿ 5 ಸಾವಿರಕ್ಕೂ ಜಾಸ್ತಿ ಜನಕ್ಕೆ ಅದು ಬಂತು. ಒಂದೇ ಬಗೆಯ ವೈರಸ್ ವರ್ಷ ಕಳೆದರೂ ಹರಡುತ್ತಲೇ ಇದ್ದುದರಿಂದ ಆ ನವೆಂಬರ್‌ನಲ್ಲಿ "ದಡಾರ ಮುಕ್ತ ದೇಶ" ಅನ್ನುವ ಮಾನ್ಯತೆಯೇ ಕೈತಪ್ಪಿತು. ಅಮೆರಿಕದಲ್ಲೂ ಮೆಕ್ಸಿಕೊದಲ್ಲೂ ಆ ವರ್ಷ ಸಾವಿರಗಟ್ಟಲೆ ಜನಕ್ಕೆ ಬಂದಿತ್ತು. ಈ ಸಲದ ವಿಶ್ವಕಪ್ ನಡೆಯುವುದು ಇದೇ ಮೂರು ದೇಶಗಳಲ್ಲಿ. 48 ತಂಡ, 104 ಪಂದ್ಯ, 16 ಊರು.

ನಾನು ಕೆಲಸದಲ್ಲಿದ್ದಾಗ ತರಬೇತಿಯಲ್ಲಿ ಕೇಳಿದ ಒಂದು ಘಟನೆ ಇವತ್ತಿಗೂ ಮರೆತಿಲ್ಲ. 1991ರ ಜುಲೈ. ಅಮೆರಿಕದ ಮಿನ್ನಿಯಾಪೊಲಿಸ್ ಕಡೆ ಸ್ಪೆಷಲ್ ಒಲಿಂಪಿಕ್ಸ್. ಅರ್ಜೆಂಟೀನಾದಿಂದ ಬಂದ ಒಬ್ಬ ಅಥ್ಲೀಟ್‌ಗೆ ದಡಾರ ಇತ್ತು. ಉದ್ಘಾಟನೆ ನಡೆದದ್ದು ಮೇಲೆ ಪೂರ್ತಿ ಚಾವಣಿ ಇದ್ದ ಕ್ರೀಡಾಂಗಣದಲ್ಲಿ. ಮುಂದೆ 7 ರಾಜ್ಯಗಳಲ್ಲಿ ಒಟ್ಟು 16 ಜನಕ್ಕೆ ದಡಾರ ಬಂತು. ಅದರಲ್ಲಿ ಇಬ್ಬರು ಬರೀ ಪ್ರೇಕ್ಷಕರು. ಮೇಲಿನ ಗ್ಯಾಲರಿಯ ಒಂದೇ ಭಾಗದಲ್ಲಿ ಕೂತಿದ್ದವರು. ಆಟಗಾರರು ಒಳಗೆ ಬಂದ ಜಾಗದಿಂದ 30 ಮೀಟರಿಗೂ ಮೇಲೆ! ನಮ್ಮ ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಅದರ ಒಂದೂವರೆ ಪಟ್ಟಿಗಿಂತ ಎತ್ತರ. ಗಾಳಿ ಅಲ್ಲಿಗೂ ಒಯ್ದಿತ್ತು.

ದಡಾರ ಇದ್ದವರು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ವೈರಸ್ ಇರಬಲ್ಲದು. ಮೈಮೇಲೆ ಗುಳ್ಳೆ ಏಳುವುದಕ್ಕೆ 4 ದಿನ ಮುಂಚೆಯೇ ಹರಡಲು ಶುರು. ಆಗ ನೋಡಿದರೆ ಸುಮ್ನೆ ನೆಗಡಿ ಥರ ಇರುತ್ತದೆ. ಅದಕ್ಕೇ ಬಾಗಿಲಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರೆ ಇದು ಸಿಗುವುದಿಲ್ಲ.

ಫುಟ್‌ಬಾಲ್ ಅಭಿಮಾನಿ, ಹಾಸನ

ಸರ್, ಗೌರವದಿಂದಲೇ ಒಂದು ಮಾತು. ಪ್ರತಿ ಸಲವೂ ದೊಡ್ಡ ಟೂರ್ನಿ ಬಂತು ಅಂದರೆ ಇಂಥ ಹೆದರಿಕೆ ಏಳುತ್ತದೆ. 2016ರ ರಿಯೊ ಒಲಿಂಪಿಕ್ಸ್ ನೆನಪಿದೆಯಾ? ಜೀಕಾ ವೈರಸ್ ಇದೆ, ಕೂಟವನ್ನೇ ಮುಂದಕ್ಕೆ ಹಾಕಿ ಇಲ್ಲವೇ ಬೇರೆ ಕಡೆ ಮಾಡಿ ಅಂತ ಸುಮಾರು 150 ತಜ್ಞರು ಸಹಿ ಹಾಕಿ ಪತ್ರ ಬರೆದರು. ಕೆಲವು ಆಟಗಾರರು ಹೋಗಲೇ ಇಲ್ಲ. ಆಟ ಮುಗಿದ ಮೇಲೆ ನೋಡಿದರೆ, ಅಲ್ಲಿಗೆ ಹೋಗಿ ಬಂದವರಲ್ಲಿ ಒಬ್ಬರಿಗೂ ಜೀಕಾ ಖಚಿತವಾಗಿರಲಿಲ್ಲ.

ಒಬ್ಬ ತಾಯಿ ಆಸೆಯಿಂದ ಹೊರಟಿದ್ದಾರೆ. ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶ. ಹೆದರಿಸಿ ಮನೆಯಲ್ಲಿ ಕೂರಿಸಬಾರದು ಅನ್ನುವುದು ನನ್ನ ಕಳಕಳಿ.

ಲ್ಯಾಬ್ ಕೆಲಸ, ಚಿಕ್ಕಮಗಳೂರು

ನಿಮ್ಮ ರಿಯೊ ಮಾತು ಪೂರ್ತಿ ಒಪ್ಪುತ್ತೇನೆ. ಅದರ ಕಾರಣವನ್ನೂ ನೋಡೋಣ. ಜೀಕಾ ತರುವುದು ಸೊಳ್ಳೆ, ನಮ್ಮ ಡೆಂಗಿ ತರುವ ಅದೇ ಈಡಿಸ್. ಆಗಸ್ಟ್ ಅಂದರೆ ರಿಯೊದಲ್ಲಿ ಚಳಿಗಾಲ, ಸೊಳ್ಳೆ ಕಡಿಮೆ. ಅಪಾಯ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಹೇಳಿತ್ತು, ಹಾಗೇ ಆಯಿತು.

ದಡಾರಕ್ಕೆ ಸೊಳ್ಳೆ ಬೇಡ, ಕಾಲವೂ ಬೇಡ. ಉಸಿರು ಸಾಕು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಆಯಿತಲ್ಲ, ಅದರ ಬೆನ್ನಿಗೇ ಆ ಪ್ರಾಂತ್ಯದಲ್ಲಿ 82 ಜನಕ್ಕೆ ದಡಾರ ಬಂತು. ಹೊರಗಿಂದ ಬಂದ ವೈರಸ್. ಲಸಿಕೆ ಹಾಕಿಸದೇ ಇದ್ದವರಲ್ಲಿ ಹಬ್ಬಿತು. ಆಟ ನೋಡಲು ಹೋಗದವರಿಗೂ ಬಂತು. ಹಾಗಾಗಿ "ಕ್ರೀಡಾಕೂಟ ಅಂದರೆ ಅಪಾಯ" ಅಂತ ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಯಾವ ಕಾಯಿಲೆ, ಯಾವ ತಿಂಗಳು, ಯಾವ ದಾರಿ ಅಂತ ಬಿಡಿಸಿ ನೋಡಬೇಕು.

ದಾರಿ ಅಂದಾಗ ನೆನಪಾಯಿತು. ಎಲ್ಲರೂ ಸ್ಟೇಡಿಯಂ ಬಗ್ಗೆಯೇ ಯೋಚಿಸುತ್ತೇವೆ. 2021ರ ಯುರೊ ಕಪ್ ಫುಟ್‌ಬಾಲ್‌ನಲ್ಲಿ ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆಯವರು ಲೆಕ್ಕ ಹಾಕಿದರು. ಪಂದ್ಯ ನೋಡಲು ಗುಂಪು ಸೇರಿದ್ದವರಲ್ಲಿ 1,991 ಕೋವಿಡ್ ಪ್ರಕರಣ ಸಿಕ್ಕವು. ಅದರಲ್ಲಿ ಮೂರನೇ ಎರಡರಷ್ಟು ಜನ ಲಂಡನ್‌ಗೆ ಹೋಗಿದ್ದವರು. ಆದರೆ ಅಲ್ಲಿನ ವೆಂಬ್ಲಿ ಸ್ಟೇಡಿಯಂ ಒಳಗೆ ಹೋದವರು 397 ಮಾತ್ರ. ಉಳಿದವರು ರೈಲು, ಬಸ್ಸು, ಪಬ್ಬು, ಯಾರದೋ ಮನೆಯ ಟಿವಿ ಮುಂದೆ ಗುಂಪು ಸೇರಿದ್ದವರು. ನಮ್ಮ ಹಾಸನಾಂಬ ದರ್ಶನಕ್ಕೆ ಹೋದಾಗಲೂ ಹಾಗೇ ಅಲ್ವಾ? ಗರ್ಭಗುಡಿ ಮುಂದೆ ನಿಲ್ಲುವುದು ಅರ್ಧ ನಿಮಿಷ. ಸಾಲಿನಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತಿರುವುದು ಗಂಟೆಗಟ್ಟಲೆ.

ಹೇಮಾವತಿ ದಂಡೆ, ಸಕಲೇಶಪುರ

ತುಂಬಾ ಥ್ಯಾಂಕ್ಸ್. ಆದರೆ ಮಗುವಿಗೆ ದಡಾರದ ಲಸಿಕೆ 9 ತಿಂಗಳು ತುಂಬಿದ ಮೇಲೆ ಅಂತ ಕಾರ್ಡಲ್ಲಿ ಬರೆದಿದ್ದಾರೆ. ನಾವು ಹೊರಡುವುದು ಅದಕ್ಕೆ ಮುಂಚೆ. ಏನು ಮಾಡಲಿ? ಇನ್ನೊಂದು, ನನಗೆ ಎಷ್ಟು ಡೋಸ್ ಆಗಿದೆ ಅಂತ ನನ್ನ ಅಮ್ಮನಿಗೇ ನೆನಪಿಲ್ಲ. ನಾನು ಹುಟ್ಟಿದ್ದು 1994.

ಆಶಾ ಕಾರ್ಯಕರ್ತೆ, ಆಲೂರು

ಅಕ್ಕ, ನಿಮ್ಮ ಪ್ರಶ್ನೆ ಬಹಳ ಜನ ಕೇಳಬೇಕಾದ ಪ್ರಶ್ನೆ. ಬಿಡಿಸಿ ಹೇಳುತ್ತೇನೆ.

ನಮ್ಮ ಸರ್ಕಾರಿ ಪಟ್ಟಿಯಲ್ಲಿ ಎಂಆರ್ (ದಡಾರ, ರುಬೆಲ್ಲಾ) ಲಸಿಕೆ ಎರಡು ಸಲ. 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಆದರೆ ದಡಾರ ಹರಡುತ್ತಿರುವ ಕಡೆ ಹೋಗುವಾಗ 6 ತಿಂಗಳು ತುಂಬಿದ ಮಗುವಿಗೆ ಮುಂಗಡವಾಗಿ ಒಂದು ಡೋಸ್ ಕೊಡುವ ಪದ್ಧತಿ ಇದೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಪಸ್ ಬಂದ ಮೇಲೆ ಪಟ್ಟಿಯ ಎರಡು ಡೋಸ್ ಮತ್ತೆ ಹಾಕಿಸಲೇಬೇಕು. ಮಕ್ಕಳ ಡಾಕ್ಟರ್ ಹತ್ತಿರ ಮಗುವನ್ನು ತೋರಿಸಿ, ಹೋಗುವ ದಿನಾಂಕ ಹೇಳಿ ಕೇಳಿ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ ಆಗಿರಬೇಕು. ಲಸಿಕೆ ಕೆಲಸ ಶುರು ಮಾಡಲು ಅಷ್ಟು ದಿನ ಬೇಕು.

ಈಗ ನಿಮ್ಮದು. ಎರಡನೇ ಡೋಸ್ ನಮ್ಮ ದೇಶದ ಪಟ್ಟಿಗೆ ಸೇರಿದ್ದೇ 2010ರಿಂದ. 2017ರಲ್ಲಿ ಕರ್ನಾಟಕದಲ್ಲಿ ಶಾಲೆ ಶಾಲೆಗೆ ಹೋಗಿ ಎಂಆರ್ ಅಭಿಯಾನ ಮಾಡಿದೆವು. ಅದು 15 ವರ್ಷದೊಳಗಿನವರಿಗೆ. 1994ರಲ್ಲಿ ಹುಟ್ಟಿದ ನೀವು ಎರಡರಲ್ಲೂ ಬರುವುದಿಲ್ಲ. ಒಂದೇ ಡೋಸ್ ಆಗಿರಬಹುದು, ಅದೂ ಆಗಿರದೇ ಇರಬಹುದು. ದೊಡ್ಡವರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದು ಲಸಿಕೆ) ಅಂತ ಕೊಡುತ್ತಾರೆ, ಖಾಸಗಿಯಲ್ಲಿ ಸಿಗುತ್ತದೆ. ನಾಲ್ಕು ವಾರದ ಅಂತರದಲ್ಲಿ ಎರಡು. ಗರ್ಭಿಣಿಯರು ಹಾಕಿಸಬಾರದು.

ಚಿಕ್ಕಂದಿನಲ್ಲಿ "ಅಮ್ಮ ಬಂದಿತ್ತು, ಬೇವಿನಸೊಪ್ಪು ಕಟ್ಟಿದ್ವಿ" ಅಂತ ಮನೆಯಲ್ಲಿ ಹೇಳುತ್ತಾರೆ. ಅದು ದಡಾರವೋ, ಸೀತಾಳೆ ಸಿಡುಬೋ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ನಂಬಿ ಲಸಿಕೆ ಬಿಡಬೇಡಿ. ನನ್ನ ವ್ಯಾಪ್ತಿಯಲ್ಲಿ ಒಂದು ಮನೆಯಲ್ಲಿ ಹಾಗೇ ಬಿಟ್ಟಿದ್ದರು. ಆಮೇಲೆ ಆ ಹುಡುಗಿಗೆ ಬಂತು, ಜೊತೆಗೆ ನ್ಯುಮೋನಿಯಾ. ಉಳಿದುಕೊಂಡಳು, ಆದರೆ ಆ ಹದಿನೈದು ದಿನ ನಾನೂ ಊಟ ಸರಿಯಾಗಿ ಮಾಡಿಲ್ಲ.

ಪಿಟಿ ಮೇಷ್ಟ್ರು, ಅರಸೀಕೆರೆ

ಎಲ್ಲರೂ ನೋಡುವವರ ಬಗ್ಗೆ ಬರೆದಿದ್ದೀರಿ. ಆಡುವವರ ಬಗ್ಗೆ ನಾನು ಹೇಳಬೇಕು.

2017, ಲಂಡನ್, ವಿಶ್ವ ಅಥ್ಲೆಟಿಕ್ಸ್. ಬೋಟ್ಸ್ವಾನಾದ ಐಸಾಕ್ ಮಕ್ವಾಲಾ. 400 ಮೀಟರ್‌ನಲ್ಲಿ ಪದಕ ಗೆಲ್ಲಬಲ್ಲ ಓಟಗಾರ. ಆಟಗಾರರ ಹೋಟೆಲಿನಲ್ಲಿ ನೋರೊವೈರಸ್ ವಾಂತಿಭೇದಿ ಎದ್ದಿತ್ತು. ಇವರಿಗೂ ವಾಂತಿ ಆಯಿತು ಅಂತ 48 ಗಂಟೆ ಬೇರೆ ಇರಿಸಿದರು. ಫೈನಲ್ ದಿನ ಮೈದಾನದ ಬಾಗಿಲವರೆಗೆ ಬಂದರು, ಒಳಗೆ ಬಿಡಲಿಲ್ಲ. ಮಾರನೇ ದಿನ ಗಡುವು ಮುಗಿದ ಮೇಲೆ 200 ಮೀಟರ್‌ಗೆ ಅವಕಾಶ ಕೊಟ್ಟರು. ಮಳೆಯಲ್ಲಿ, ಇಡೀ ಟ್ರ್ಯಾಕ್‌ನಲ್ಲಿ ಒಬ್ಬರೇ ಓಡಿದರು. 20.20 ಸೆಕೆಂಡು. ಗುರಿ ದಾಟಿ ಅಲ್ಲೇ ನೆಲದ ಮೇಲೆ ದಂಡ ಹೊಡೆದರು. ಅದೇ ಸಂಜೆ ಸೆಮಿಫೈನಲ್ ಓಡಿ ಫೈನಲ್‌ಗೆ ಹೋದರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ.

ಇನ್ನೊಂದು ಕಡೆ, 2024ರ ಪ್ಯಾರಿಸ್. ಅಮೆರಿಕದ ನೋಹ್ ಲೈಲ್ಸ್ ಕೋವಿಡ್ ಇಟ್ಟುಕೊಂಡೇ 200 ಮೀಟರ್ ಫೈನಲ್ ಓಡಿದರು. ಕಂಚು ಬಂತು. ಟ್ರ್ಯಾಕ್‌ನಿಂದ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಓಡಬಾರದು ಅಂತ ಯಾರೂ ತಡೆಯಲಿಲ್ಲ, ಅಂಥ ನಿಯಮವೇ ಇರಲಿಲ್ಲ.

ಎರಡು ಕಾಯಿಲೆ ಬೇರೆ, ಕಾಲ ಬೇರೆ, ನನಗೆ ಗೊತ್ತು. ಆದರೂ ನನ್ನ ಮನಸ್ಸು ತಡೆಯುವುದಿಲ್ಲ. ಕ್ರೀಡಾಪಟು ನಾಲ್ಕು ವರ್ಷ ಮೈ ದಂಡಿಸಿರುತ್ತಾನೆ. ಜ್ವರ ಇದೆ ಅಂತ ಬಾಯಿಬಿಟ್ಟರೆ ಎಲ್ಲ ಹೋಯಿತು. ಹಾಗಾದರೆ ಯಾರು ಹೇಳುತ್ತಾರೆ? ನಮ್ಮ ವಲಯ ಮಟ್ಟದ ಖೋ ಖೋದಲ್ಲೇ ನೋಡಿದ್ದೇನೆ. ಒಂದು ಹುಡುಗಿ ಬೆಳಿಗ್ಗೆಯಿಂದ ಶಾಲು ಹೊದ್ದು ಮೂಲೆಯಲ್ಲಿ ಕೂತಿದ್ದಳು. ಮುಟ್ಟಿ ನೋಡಿದರೆ ಮೈ ಕೆಂಡ. "ಸರ್, ಹೇಳಿದ್ರೆ ಆಡಿಸಲ್ಲ ಅಂತ ಸುಮ್ಮನಿದ್ದೆ" ಅಂದಳು. ಆ ರಾತ್ರಿ ಒಂದೇ ಜಮಖಾನದ ಮೇಲೆ 12 ಮಕ್ಕಳು ಮಲಗಿದ್ದರು, ಒಂದೇ ಲೋಟದಲ್ಲಿ ನೀರು ಕುಡಿದಿದ್ದರು. ವಾರದಲ್ಲಿ ಏಳು ಜನಕ್ಕೆ ಜ್ವರ.

ಅವತ್ತಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಹೊರಡುವ ಮುಂಚೆ ಮಕ್ಕಳನ್ನು ಕೂರಿಸಿ ಹೇಳುತ್ತೇನೆ, ಹುಷಾರಿಲ್ಲ ಅಂತ ಹೇಳಿದವರ ಜಾಗ ಮುಂದಿನ ಕೂಟದಲ್ಲಿ ಹಾಗೇ ಇರುತ್ತದೆ, ನನ್ನ ಮಾತು. ಆ ಮಾತನ್ನು ಉಳಿಸಿಕೊಂಡಿದ್ದೇನೆ. ಈಗ ಹೇಳುತ್ತಾರೆ.

ಕೇಟರಿಂಗ್, ಬೇಲೂರು

ಮೇಷ್ಟ್ರೇ, ಕೈ ಮುಗಿದೆ.

ಅಡುಗೆಯವರ ಕಡೆಯಿಂದ ನಾನೂ ಸ್ವಲ್ಪ ಹೇಳುತ್ತೇನೆ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಶುರುವಾಗುವ ಹೊತ್ತಿಗೇ ಕಾವಲು ಕೆಲಸದವರಿಗೆ ವಾಂತಿಭೇದಿ ಹಿಡಿಯಿತು. ಅದೂ ನೋರೊವೈರಸ್ಸೇ. 1,200 ಕಾವಲುಗಾರರನ್ನು ಕೆಲಸದಿಂದ ಬಿಡಿಸಿ ಕೋಣೆಯಲ್ಲಿ ಇರಿಸಬೇಕಾಯಿತು. ಅವರ ಜಾಗಕ್ಕೆ 900 ಸೈನಿಕರನ್ನು ತಂದರು. ಆಟಗಾರರ ವಸತಿಯೇ ಬೇರೆ. ಕಾವಲಿನವರು ಇದ್ದ ವಸತಿಯಲ್ಲಿ ಅಡುಗೆಗೆ ಬಳಸಿದ ಬೋರಿನ ನೀರೇ ಕೆಟ್ಟಿತ್ತು.

ಇದು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮಲ್ಲೂ ಅದೇ. ಒಂದು ರಾಜ್ಯ ಮಟ್ಟದ ಪಂದ್ಯಾವಳಿಗೆ ಅಡುಗೆ ಒಪ್ಪಿಕೊಂಡಿದ್ದೆ, ಎಲ್ಲಿ ಅಂತ ಬೇಡ. ಆಟಗಾರರಿಗೆ ಬಾಟಲಿ ನೀರು ತರಿಸಿದ್ದರು. ಪಾತ್ರೆ ತೊಳೆಯುವವರು, ಸ್ವಯಂಸೇವಕರು, ಹೋಂಗಾರ್ಡ್‌ಗಳು, ಎಲ್ಲರಿಗೂ ಸಂಪಿನ ನೀರು. ನಾನು ಮುಚ್ಚಳ ತೆಗೆದು ನೋಡಿದೆ. ಒಳಗೆ ಎಲೆ ಕೊಳೆತಿತ್ತು, ಒಂದು ಚಪ್ಪಲಿ ತೇಲುತ್ತಿತ್ತು. ಟ್ಯಾಂಕರ್ ತರಿಸುವವರೆಗೆ ಒಲೆ ಹಚ್ಚುವುದಿಲ್ಲ ಅಂತ ಕೂತೆ. ಎರಡು ಗಂಟೆ ಬೈಸಿಕೊಂಡೆ. ಸಂಘಟಕರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ, ಬಡಿಸುವ ಕೈಗೂ ಅದೇ ನೀರು ಕೊಡಿ. ಅವರ ಕೈಯಿಂದಲೇ ಅನ್ನ ಎಲ್ಲರ ತಟ್ಟೆಗೆ ಹೋಗುವುದು.

ನಿವೃತ್ತ ಆರೋಗ್ಯ ಸಹಾಯಕ, ಹಾಸನ

ನೀವು ಮಾಡಿದ್ದು ಸರಿ. ಬೈಸಿಕೊಂಡದ್ದು ಸಾರ್ಥಕ.

ಎರಡು ಮಾತು ಸೇರಿಸುತ್ತೇನೆ. ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ ತಿಕ್ಕಿ ತೊಳೆಯಬೇಕು. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಇನ್ನು ನೀರು. ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆ ಬಿಟ್ಟು ಕ್ಲೋರೋಸ್ಕೋಪ್ ಅನ್ನುವ, ಕ್ಲೋರಿನ್ ಪರೀಕ್ಷಿಸುವ ಸಾಧನದ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ದ್ರಾವಣದ ಹನಿ ಬಿಟ್ಟರೆ ತಿಳಿ ಹಳದಿ ಬರಬೇಕು. ಬಣ್ಣ ಬರಲಿಲ್ಲ ಅಂದರೆ ಕ್ಲೋರಿನ್ ಉಳಿದಿಲ್ಲ ಅಂತ ಅರ್ಥ, ಮತ್ತೆ ಹಾಕಬೇಕು. ಟ್ಯಾಂಕಿನ ಬುಡದಲ್ಲಿ ಅಲ್ಲ, ಕಟ್ಟಕಡೆಯ ನಲ್ಲಿಯಲ್ಲಿ ನೋಡಬೇಕು. ಜಾತ್ರೆ ಡ್ಯೂಟಿಯಲ್ಲಿ ನಾವು ಬೆಳಗಿನ ಜಾವ ಮೊದಲು ಮಾಡುತ್ತಿದ್ದ ಕೆಲಸ ಇದೇ.

ಕಾಫಿ ತೋಟ, ಮೂಡಿಗೆರೆ

ನಮ್ಮ ಕಡೆಗೂ ಸ್ವಲ್ಪ ತಿರುಗಿ ನೋಡೋಣ. ಕಾಯಿಲೆ ಅಲ್ಲಿಂದ ಇಲ್ಲಿಗೆ ಬರುವುದಷ್ಟೇ ಅಲ್ಲ, ಇಲ್ಲಿಂದಲೂ ಹೋಗುತ್ತದೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ಕಾರ್ ರ‍್ಯಾಲಿ ನಡೆದಿದೆ. ಬೆಟ್ಟದ ಓಟಗಳಿಗೆ ಹೊರಗಿನವರು ಬರುತ್ತಾರೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟಕ್ಕೆ ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ.

2000ನೇ ಇಸವಿಯಲ್ಲಿ ಮಲೇಷ್ಯಾದ ಸಬಾದಲ್ಲಿ ಇಕೋ ಚಾಲೆಂಜ್ ಅನ್ನುವ ಸಾಹಸ ಓಟ ನಡೆಯಿತು. 26 ದೇಶಗಳ 304 ಜನ. ಕಾಡು, ಕೆಸರು, ಸೆಗಾಮಾ ಅನ್ನುವ ಹೊಳೆಯಲ್ಲಿ ಈಜು. ಓಟ ಮುಗಿಸಿ ಎಲ್ಲರೂ ಖುಷಿಯಾಗಿ ಅವರವರ ದೇಶಕ್ಕೆ ಹೋದರು. ಆಮೇಲೆ ಒಬ್ಬೊಬ್ಬರಿಗೇ ಚಳಿಜ್ವರ, ಮೈಕೈ ನೋವು. ಆಯಾ ಊರಿನ ಡಾಕ್ಟರುಗಳಿಗೆ ಒಂದೊಂದೇ ರೋಗಿ ಸಿಕ್ಕಿದ್ದು. ಬೇರೆ ಬೇರೆ ದೇಶದವರು ಪರಸ್ಪರ ಮಾಹಿತಿ ಹಂಚಿಕೊಂಡ ಮೇಲೆ ಗೊತ್ತಾಯಿತು, ಅದು ಇಲಿಜ್ವರ. ವಿಚಾರಿಸಲು ಸಿಕ್ಕ 189 ಜನರಲ್ಲಿ 80 ಜನಕ್ಕೆ ಅದರ ಲಕ್ಷಣ ಬಂದಿತ್ತು. ಹೊಳೆಯಲ್ಲಿ ಈಜಿದವರಿಗೇ ಜಾಸ್ತಿ.

ಇಲಿಜ್ವರ ನಮಗೇನು ಹೊಸದಾ? ಇಲಿ, ಹೆಗ್ಗಣ, ದನದ ಮೂತ್ರ ಬಿದ್ದ ನೀರು ಗದ್ದೆಯಲ್ಲಿ ನಿಂತಿರುತ್ತದೆ. ಕಾಲಿನ ಬೆರಳ ಸಂದಿ ನೆಂದು ಬಿರಿದಿರುತ್ತದೆ, ಅಷ್ಟು ಸಾಕು. ನಾಟಿ ಕಾಲದಲ್ಲಿ ನಮ್ಮ ತೋಟದ ಒಬ್ಬ ಆಳಿಗೆ ಜ್ವರ ಬಂತು. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ, ಕಣ್ಣು ಕೆಂಪು. ಎರಡು ಕಡೆ ಬರೀ ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ಕಡೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನ್ ಕೆಲಸ ಮಾಡ್ತೀಯಪ್ಪಾ?" ಗದ್ದೆ ಅಂದ. ಅಲ್ಲಿಂದ ದಾರಿ ಸಿಕ್ಕಿತು, ಬದುಕಿದ.

ಈಗ ಯೋಚಿಸಿ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ನಮ್ಮಲ್ಲಿ ಕೆಸರಲ್ಲಿ ಬಿದ್ದು ಎದ್ದು ಹೋಗಿ ಹತ್ತು ದಿನಕ್ಕೆ ಜ್ವರ ಅಂತ ಹೋದರೆ, ಅಲ್ಲಿ ಗದ್ದೆ ವಿಷಯ ಯಾರು ಕೇಳುತ್ತಾರೆ? ಅವನೇ ಹೇಳಬೇಕು. ಅವನಿಗೆ ಅದು ಗೊತ್ತಿರಬೇಕಾದರೆ ಓಟ ಏರ್ಪಡಿಸಿದ ನಾವು ಹೇಳಿ ಕಳಿಸಬೇಕು. ಕಾಲಿಗೆ ಗಾಯ ಇದ್ದವರನ್ನು ಗದ್ದೆಗೆ ಇಳಿಸಬಾರದು. ಮುಗಿದ ಮೇಲೆ ಒಳ್ಳೆ ನೀರಲ್ಲಿ ಸೋಪು ಹಾಕಿ ತೊಳೆಯಲು ವ್ಯವಸ್ಥೆ ಇರಬೇಕು.

ಓಟಗಾರ್ತಿ, ಚಿಕ್ಕಮಗಳೂರು

ಸರ್, ಮಂಗನ ಕಾಯಿಲೆ ಬಗ್ಗೆಯೂ ಹೇಳುತ್ತೀರಾ? ಕೊಪ್ಪ, ಎನ್.ಆರ್. ಪುರ ಕಡೆ ಓಡಲು ಹೋಗುತ್ತೇವೆ. ಹೊರಗಿನಿಂದ ಬಂದ ಸ್ನೇಹಿತರು ಅದನ್ನು ಹೊತ್ತುಕೊಂಡು ಹೋಗಿ ಅಲ್ಲಿ ಹರಡಿಸಿಬಿಡುತ್ತಾರಾ?

ಲ್ಯಾಬ್ ಕೆಲಸ, ಚಿಕ್ಕಮಗಳೂರು

ಇಲ್ಲ. ಅದು ಉಣುಗು ಕಚ್ಚಿ ಬರುವುದು. ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಚಳಿಗಾಲದಿಂದ ಮೇ ತನಕ ಅದರ ಕಾಲ. ಆಗ ಕಾಡಿನ ದಾರಿಯಲ್ಲಿ ಓಡುವುದೇ ಆದರೆ ಉದ್ದ ಕಾಲುಚೀಲ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಆ ಕಡೆ ಹೋಗಬೇಡಿ, ಪಿಎಚ್‌ಸಿಗೆ ತಿಳಿಸಿ. ಹೊರಗಿನ ಸ್ನೇಹಿತರಿಗೆ ಒಂದು ಚೀಟಿಯಲ್ಲಿ "ಕ್ಯಾಸನೂರು ಕಾಡಿನ ಕಾಯಿಲೆ" ಅಂತ ಹೆಸರು ಬರೆದು ಕೊಡಿ. ಅವರ ಊರಿನ ಡಾಕ್ಟರ್ ಆ ಹೆಸರು ಕೇಳಿರುವುದೇ ಕಷ್ಟ.

ಫುಟ್‌ಬಾಲ್ ಅಭಿಮಾನಿ, ಹಾಸನ

ಓದುತ್ತಾ ಹೋದಂತೆ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಹೆದರಿಸಬಾರದು ಅನ್ನುವುದು ಈಗಲೂ ನನ್ನ ಅಭಿಪ್ರಾಯವೇ. ಆದರೆ ಇಲ್ಲಿ ಯಾರೂ ಹೆದರಿಸುತ್ತಿಲ್ಲ, ದಾರಿ ಹೇಳುತ್ತಿದ್ದಾರೆ. ನಾಳೆ ನನ್ನ ಲಸಿಕೆಯದ್ದೂ ವಿಚಾರಿಸುತ್ತೇನೆ. ನಾನು ಹುಟ್ಟಿದ್ದು 1996.

ಹೇಮಾವತಿ ದಂಡೆ, ಸಕಲೇಶಪುರ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಕ್ಕಳ ಡಾಕ್ಟರ್ ಹತ್ತಿರ ಹೋಗಿದ್ದೆವು. ಎಲ್ಲ ಕೇಳಿಕೊಂಡು, ಪಾಪುಗೆ ಮುಂಗಡ ಡೋಸ್ ಕೊಟ್ಟರು. ಒಂದು ರಾತ್ರಿ ಸ್ವಲ್ಪ ಮೈ ಬೆಚ್ಚಗಿತ್ತು, ಅಷ್ಟೇ. ನಮ್ಮಿಬ್ಬರಿಗೂ ಮೊದಲನೇ ಎಂಎಂಆರ್ ಆಗಿದೆ, ಎರಡನೆಯದು ಮುಂದಿನ ವಾರ. ನಾದಿನಿಗೆ ಫೋನ್ ಮಾಡಿ ಕೇಳಿದರೆ ಅವರ ಮನೆಯಲ್ಲೂ ಒಬ್ಬರದ್ದು ಬಾಕಿ ಇತ್ತು. ಅವರೂ ಹಾಕಿಸಿಕೊಂಡರು.

ಸ್ಕಾಟ್ಲೆಂಡಿನ ಲೆಕ್ಕ ಓದಿದ ಮೇಲೆ ನಾವಿಬ್ಬರೂ ಕೂತು ಮಾತಾಡಿದೆವು. ಮಗುವನ್ನು ಪಂದ್ಯಕ್ಕೂ ಒಯ್ಯುವುದಿಲ್ಲ, ಬೀದಿಯಲ್ಲಿ ದೊಡ್ಡ ಪರದೆ ಹಾಕಿರುವ ಕಡೆಗೂ ಒಯ್ಯುವುದಿಲ್ಲ. ಒಂದು ಪಂದ್ಯಕ್ಕೆ ನಾದಿನಿ ಜೊತೆ ನಮ್ಮ ಮನೆಯವರು, ಇನ್ನೊಂದಕ್ಕೆ ನಾನು. ಮಗು ಜೊತೆ ಒಬ್ಬರು ಮನೆಯಲ್ಲಿ. ಇದನ್ನು ಕೇಳಿದ ಮೇಲೆ ಅತ್ತೆ ತಾವೇ ಮಗುವಿನ ಬಟ್ಟೆ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಾರೆ.

ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ನಾವೇ ಹೇಳಬೇಕು ಅಂತ ಮೂಡಿಗೆರೆ ಸರ್ ಹೇಳಿದ್ದನ್ನು ತಾಯಿ ಕಾರ್ಡಿನ ಹಿಂದೆ ಬರೆದುಕೊಂಡಿದ್ದೇನೆ. ಯಾವ ದಿನ ಯಾವ ಊರು, ಯಾವ ವಿಮಾನ, ಎಲ್ಲ ಅಲ್ಲೇ ತುಂಬಿಸುತ್ತೇನೆ.

ಆಶಾ ಕಾರ್ಯಕರ್ತೆ, ಆಲೂರು

ತುಂಬಾ ಖುಷಿಯಾಯಿತು ಅಕ್ಕ. ವಾಪಸ್ ಬಂದ ದಿನದಿಂದ 21 ದಿನ ಮಗುವಿನ ಮೈ ನೋಡುತ್ತಿರಿ. ಜ್ವರ, ಕೆಮ್ಮು, ಕಣ್ಣು ಕೆಂಪು, ಗುಳ್ಳೆ ಅಂತ ಏನಾದರೂ ಕಂಡರೆ ಸೀದಾ ಆಸ್ಪತ್ರೆಯ ಸಾಲಿನಲ್ಲಿ ಹೋಗಿ ಕೂರಬೇಡಿ, ಅಲ್ಲಿ ಬೇರೆ ಕೂಸುಗಳಿರುತ್ತವೆ. ಮೊದಲು ನಿಮ್ಮ ಊರಿನ ಆಶಾಗೆ ಫೋನ್ ಮಾಡಿ, ಆ ಕಾರ್ಡಿನ ಹಿಂದೆ ಬರೆದದ್ದನ್ನು ಓದಿ ಹೇಳಿ. ಬಂದ ಮೇಲೆ ಎಂಆರ್ ಎರಡೂ ಡೋಸ್ ಮರೆಯಬೇಡಿ. ಮೊದಲನೆಯದನ್ನು ಯಾವ ದಿನ ಹಾಕಬೇಕು ಅಂತ ಹೊರಡುವ ಮುಂಚೆಯೇ ಸಿಸ್ಟರ್ ಹತ್ತಿರ ಕಾರ್ಡಿನಲ್ಲಿ ಪೆನ್ಸಿಲ್‌ನಲ್ಲಿ ಬರೆಸಿಕೊಳ್ಳಿ.